ಡ್ರಾ ಯಾಕೆ ತಗೊಳ್ಳಲಿಲ್ಲ ಎಂಬ ಪ್ರಶ್ನೆ

ಕೇಳಬಾರದ ಹೊತ್ತಿನಲ್ಲಿ ಒಂದು ಪ್ರಶ್ನೆ ಕೇಳಿಬಿಟ್ಟೆ ಎಂಬ ಅಳುಕು ಬಹಳ ದಿನಗಳಿಂದ ನನ್ನನ್ನು ಬಿಟ್ಟಿಲ್ಲ. ಕೇಳಿದ್ದು ನನ್ನ ಅಕ್ಕನ ಮಗಳನ್ನು; ಅವಳಿಗೆ ಆಗ ಹನ್ನೆರಡು ವರ್ಷ. 2025ರ ಆರಂಭದಲ್ಲಿ ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ಚೆಸ್‌ನ ರೇಟೆಡ್ ಟೂರ್ನಿ, ಅಂದರೆ ಆಟಗಾರರ ಬಲವನ್ನು ಅಳೆಯುವ ರೇಟಿಂಗ್ ಅಂಕಗಳು ಏರಿಳಿಯುವ ಟೂರ್ನಿ, ನಡೆದಿತ್ತು. ಅಕ್ಕ, ಭಾವ ಇಬ್ಬರಿಗೂ ಕೆಲಸಕ್ಕೆ ರಜೆ ಸಿಗದಿದ್ದುದರಿಂದ ಮೈಸೂರಿನಿಂದ ಅವಳನ್ನು ಕರೆದುಕೊಂಡು ಹೋಗುವ ಹೊಣೆ ನನ್ನದಾಗಿತ್ತು. ಐದನೆಯ ಸುತ್ತಿನಲ್ಲಿ ಅವಳ ಆಟ ಎಲ್ಲರಿಗಿಂತ ತಡವಾಗಿ ಮುಗಿಯಿತು. ಸ್ಕೋರ್‌ಶೀಟಿನ ಹಳದಿ ಪ್ರತಿಯನ್ನು ನಾಲ್ಕಾಗಿ ಮಡಿಸಿ ಹಿಡಿದುಕೊಂಡು ಹೊರಗೆ ಬಂದವಳ ಮುಖ ನೋಡಿದೊಡನೆ ಸೋತಿದ್ದಾಳೆಂದು ಗೊತ್ತಾಯಿತು. ಎದುರಾಳಿ ಡ್ರಾ ಕೇಳಿದ್ದ, ತಾನು ಒಪ್ಪಲಿಲ್ಲ ಎಂದು ಇಷ್ಟನ್ನೇ ಹೇಳಿದಳು. "ಡ್ರಾ ಯಾಕೆ ತಗೊಳ್ಳಲಿಲ್ಲ ಪುಟ್ಟಿ?" ಎಂದು ಕೇಳಿದೆ. ಅವಳು ಉತ್ತರ ಕೊಡದೆ ನೀರಿನ ಬಾಟಲಿಗೆ ಕೈ ಚಾಚಿದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಮರೆತುಹೋಗುತ್ತಿತ್ತೇನೋ. ಐದು ನಿಮಿಷದ ನಂತರ ಅಕ್ಕ ಫೋನ್ ಮಾಡಿದಾಗ, ಪಕ್ಕದಲ್ಲೇ ನಿಂತಿದ್ದ ಹುಡುಗಿಗೆ ಕೇಳುವಂತೆಯೇ, "ಸೋತಳು ಕಣೇ, ಅವನೇ ಡ್ರಾ ಕೊಟ್ಟಿದ್ದ, ತಗೊಂಡಿದ್ರೆ ಆಗ್ತಿತ್ತು" ಎಂದೂ ಹೇಳಿದೆ. ಅವಳು ಚೀಲದ ಜಿಪ್ ಎಳೆಯುತ್ತಿದ್ದಳು. ಆ ಕೈ ಒಂದು ಕ್ಷಣ ನಿಂತು ಮತ್ತೆ ಮುಂದುವರಿಯಿತು. ಈ ಬರಹ ಹುಟ್ಟಿದ್ದು ನಿಂತ ಆ ಕೈಯಿಂದ.

ಮುಚ್ಚಿದ ಬಾಗಿಲಿನ ಹೊರಗೆ

ಮಕ್ಕಳ ಟೂರ್ನಿಗಳಿಗೆ ಹೋದವರಿಗೆ ಆ ವರಾಂಡ ಗೊತ್ತಿರುತ್ತದೆ. ಸುತ್ತು ಆರಂಭವಾಗುವ ಮೊದಲು ತೀರ್ಪುಗಾರರಾದ ಆರ್ಬಿಟರ್ ಪೋಷಕರನ್ನೆಲ್ಲ ಹೊರಗೆ ಕಳಿಸುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದಿನ ಎರಡು-ಮೂರು ಗಂಟೆ ನಮಗೆ ಒಳಗಿನ ಏನೂ ಕಾಣುವುದಿಲ್ಲ. ಮದುವೆಗೆಂದು ತರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕುಳಿತು, ತಿಂಡಿ ಡಬ್ಬಿಗಳನ್ನು ಕಾಲ ಬಳಿ ಇಟ್ಟುಕೊಂಡು, ಪ್ರತಿ ಸಲ ಬಾಗಿಲು ತೆರೆದಾಗಲೂ ಹೊರಬರುವ ಮಗು ಯಾರದೆಂದು ಕತ್ತು ಚಾಚಿ ನೋಡುತ್ತೇವೆ. ಹೊರಬಂದ ಮಗುವಿಗೆ ನಾವು ಕೇಳುವ ಮೊದಲ ಮಾತು "ಏನಾಯ್ತು?" ಎಂದೇ ಹೊರತು "ಹೇಗಾಡಿದೆ?" ಎಂದಲ್ಲ. ಆಟ ನಮಗೆ ಕಂಡಿಲ್ಲವಾದ್ದರಿಂದ ಕೇಳಲು ಉಳಿಯುವುದು ಫಲಿತಾಂಶವೊಂದೇ ಎಂದು ನನ್ನ ಪರವಾಗಿ ನಾನೇ ಸಮಜಾಯಿಷಿ ಹೇಳಿಕೊಂಡಿದ್ದುಂಟು. ಆದರೆ ಕಾಣದ ಆಟದ ಬಗ್ಗೆ ತೀರ್ಪು ಕೊಡುವ ಅಧಿಕಾರ ನಮಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಆ ಸಮಜಾಯಿಷಿಯಲ್ಲಿ ಉತ್ತರವಿಲ್ಲ.

ಆ ದಿನ ವರಾಂಡದ ತುಂಬ ಗುಕೇಶ್ ಅವರದೇ ಮಾತು. ಅವರು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆಗಿ ಇನ್ನೂ ಕೆಲವೇ ವಾರಗಳಾಗಿದ್ದವು. ಎಂಟು ವರ್ಷದ ಮಕ್ಕಳ ತಂದೆ-ತಾಯಂದಿರು ಕೂಡ ಯಾವ ವಯಸ್ಸಿಗೆ ಯಾರು ಗ್ರ್ಯಾಂಡ್‌ಮಾಸ್ಟರ್ ಆದರೆಂಬುದನ್ನು ಬೆರಳೆಣಿಸಿ ಹೇಳುತ್ತಿದ್ದರು. ತಮ್ಮ ಮಗುವಿಗೆ ಈಗಾಗಲೇ ತಡವಾಯಿತೇ ಎಂಬ ಆತಂಕ ಆ ಎಣಿಕೆಯ ಹಿಂದೆ ಇರುವುದು ಕೇಳುವವರಿಗೆ ತಿಳಿಯುತ್ತಿತ್ತು. ಭಾರತದ ಐವತ್ತನೆಯ ಹಾಗೂ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರಿಗೆ ಆ ಪಟ್ಟ ಸಿಕ್ಕಿದ್ದು 2017ರಲ್ಲಿ, ವಯಸ್ಸು ಮೂವತ್ತು ದಾಟಿದ ಮೇಲೆ. ನಮ್ಮೂರಿನದೇ ಆದ ಈ ಉದಾಹರಣೆ ಅಂಥ ವರಾಂಡಗಳಲ್ಲಿ ಹೆಚ್ಚು ಕೇಳಿಬರುವುದಿಲ್ಲ, ಕೇಳಿಬರಬೇಕೆಂದು ನನಗನ್ನಿಸುತ್ತದೆ.

ರೈಲಿನಲ್ಲಿ ಬಿಚ್ಚಿದ ಹಳದಿ ಹಾಳೆ

ಆ ಸಂಜೆ ಮಂಡ್ಯದಿಂದ ಮೈಸೂರಿನ ರೈಲು ಹತ್ತಿದೆವು. ಪಾಂಡವಪುರ ದಾಟುವವರೆಗೂ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನಾನಾಗಿಯೇ ಏನೂ ಕೇಳಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ರೈಲಿನ ಸದ್ದು ಬದಲಾಗುವ ಹೊತ್ತಿಗೆ ಅವಳು ಹಳದಿ ಹಾಳೆಯನ್ನು ಬಿಚ್ಚಿ ನನ್ನ ತೊಡೆಯ ಮೇಲಿಟ್ಟು, "ಮಾಮ, ಅವನು ರೂಕ್ ಹಿಂದಕ್ಕೆ ತಗೊಂಡ. ಅದಕ್ಕೇ ಬೇಡ ಅಂದೆ" ಎಂದಳು. (ಅಜ್ಜನಿಂದ ಆಟ ಕಲಿತ ನನಗೆ ಅದು ಇಂದಿಗೂ ಆನೆ, ಪಾನ್ ಎಂದರೆ ಕಾಲಾಳು, ತರಗತಿಗೆ ಹೋಗಿ ಕಲಿತ ಅವಳಿಗೆ ರೂಕ್, ಪಾನ್, ನೈಟ್. ನಮ್ಮಿಬ್ಬರ ಚದುರಂಗದ ಮಾತುಕತೆ ಯಾವಾಗಲೂ ಈ ಎರಡು ಭಾಷೆಗಳಲ್ಲಿ ನಡೆಯುತ್ತದೆ.)

ಹಾಳೆಯಲ್ಲಿದ್ದ ನಡೆಗಳನ್ನು ಮನೆಗೆ ಬಂದು ಬೋರ್ಡಿನ ಮೇಲೆ ಜೋಡಿಸಿದಾಗ ಅವಳ ಮಾತಿನ ಅರ್ಥ ಪೂರ್ತಿಯಾಗಿ ತಿಳಿಯಿತು. ಐವತ್ತೆಂಟನೆಯ ನಡೆಯ ಹೊತ್ತಿಗೆ ಬೋರ್ಡಿನ ಮೇಲೆ ಉಳಿದದ್ದು ಐದೇ ಕಾಯಿಗಳು. (ಬೋರ್ಡಿನ ಉದ್ದಸಾಲುಗಳನ್ನು ಎಯಿಂದ ಎಚ್‌ವರೆಗಿನ ಅಕ್ಷರಗಳಿಂದ, ಅಡ್ಡಸಾಲುಗಳನ್ನು 1ರಿಂದ 8ರವರೆಗಿನ ಅಂಕಿಗಳಿಂದ ಗುರುತಿಸುತ್ತಾರೆ.) ಅವಳದು ಬಿಳಿ: ರಾಜ ಇ5ರಲ್ಲಿ, ಆನೆ ಎಚ್1ರಲ್ಲಿ, ಒಂದು ಕಾಲಾಳು ಎಫ್5ರಲ್ಲಿ. ಹುಡುಗನದು ಕಪ್ಪು: ರಾಜ ಡಿ7ರಲ್ಲಿ, ಜೊತೆಗೆ ಒಂದು ಆನೆ. ಒಂದು ಆನೆ ಮತ್ತು ಒಂದು ಕಾಲಾಳಿನ ಎದುರು ಒಂಟಿ ಆನೆ ಇರುವ ಅಂತ್ಯಾಟವನ್ನು ಚೆಸ್ ಕಲಿಯುವ ಪ್ರತಿ ಮಗುವೂ ಒಮ್ಮೆಯಾದರೂ ಅಭ್ಯಾಸ ಮಾಡಿರುತ್ತದೆ. ರಕ್ಷಿಸಿಕೊಳ್ಳುವವನು ತನ್ನ ಆನೆಯನ್ನು ಎದುರಾಳಿಯ ರಾಜ ಕಾಲಿಡಬೇಕಾದ ಅಡ್ಡಸಾಲಿನಲ್ಲಿ ಕಾವಲಿಗೆ ನಿಲ್ಲಿಸಬೇಕು, ಕಾಲಾಳು ಆ ಸಾಲಿಗೆ ಬಂದ ಮೇಲಷ್ಟೇ ಅಲ್ಲಿಂದ ಹೊರಟು ಹಿಂದಿನಿಂದ ಚೆಕ್ ಕೊಡಬೇಕು ಎಂಬ ಉಪಾಯಕ್ಕೆ ಹದಿನೆಂಟನೆಯ ಶತಮಾನದ ಫ್ರಾನ್ಸಿನ ಸಂಗೀತಗಾರನೂ ಚೆಸ್ ಪಟುವೂ ಆಗಿದ್ದ ಫಿಲಿಡೋರ್‌ನ ಹೆಸರಿದೆ. ಆ ಹುಡುಗನ ಆನೆ ಅದುವರೆಗೆ ಎ6ರಲ್ಲಿ, ಆ ಸಾಲನ್ನೇ ಕಾಯುತ್ತ ನಿಂತಿತ್ತು. ಐವತ್ತೆಂಟನೆಯ ನಡೆಯಲ್ಲಿ ಅವನು ಅದನ್ನು ಎ8ಕ್ಕೆ ಸರಿಸಿದ. ಸರಿಸಿ, ಗಡಿಯಾರ ಒತ್ತುವ ಮುನ್ನ, ನಿಯಮ ಹೇಳುವ ಕ್ರಮದಲ್ಲಿಯೇ ಡ್ರಾ ಕೇಳಿದ. ಅವಳ ಹಾಳೆಯಲ್ಲಿ ಆ ನಡೆಯ ಪಕ್ಕ, ಆವರಣದೊಳಗೆ ಒಂದು ಪುಟ್ಟ ಸಮ ಚಿಹ್ನೆ ಇದೆ. ಡ್ರಾ ಕೇಳಿದಾಗ ಅದನ್ನು ಬರೆದುಕೊಳ್ಳಬೇಕೆಂಬುದೂ ನಿಯಮ. ಗಡಿಯಾರದಲ್ಲಿ ಒಂದು ನಿಮಿಷವೂ ಉಳಿದಿರದಿದ್ದ ಹೊತ್ತಿನಲ್ಲಿ ಅವಳು ಅದನ್ನು ದುಂಡಗೆ ಬರೆದಿದ್ದಾಳೆ.

ಕಾವಲು ಬಿಟ್ಟ ಆನೆಯನ್ನು ಕಂಡು ಅವಳು ಎರಡು ತೀರ್ಮಾನಗಳಿಗೆ ಬಂದಿದ್ದಳು: ಇವನಿಗೆ ಈ ಅಂತ್ಯಾಟ ಪೂರ್ತಿ ತಿಳಿದಿಲ್ಲ, ಮತ್ತು ಈಗ ನನಗೆ ಗೆಲುವಿದೆ. ಎರಡೂ ಸರಿಯಾಗಿದ್ದವು. ಆಮೇಲೆ ಅವಳು ಎದುರಾಳಿಯ ರಾಜ ಕಾಲಾಳಿನ ಕಡೆಗೆ ಬರದಂತೆ ತಡೆಯಲು ತನ್ನ ಆನೆಯನ್ನು ಎಚ್1ರಿಂದ ಇ1ಕ್ಕೆ ತಂದಳು. ತರಗತಿಯಲ್ಲಿ ಹೇಳಿಕೊಟ್ಟ ಪಾಠವೇ ಅದು, ರಾಜನನ್ನು ಒಂದು ಉದ್ದಸಾಲಿನಾಚೆ ಕತ್ತರಿಸಿ ಇಡುವುದು. ಆದರೆ ಅವಳ ರಾಜ ಆಗ ಇ5ರಲ್ಲಿ, ಅಂದರೆ ಅದೇ ಉದ್ದಸಾಲಿನಲ್ಲಿ, ಆನೆಯ ಮುಂದೆಯೇ ನಿಂತಿದ್ದ. ಹುಡುಗನ ಆನೆ ಎ8ರಿಂದ ಇ8ಕ್ಕೆ ಬಂದು ಚೆಕ್ ಕೊಟ್ಟಿತು. ರಾಜ ಎಲ್ಲಿಗೆ ಸರಿದರೂ ಹಿಂದಿದ್ದ ಆನೆ ಹೋಗಲೇಬೇಕು. ಅದಾದ ಮೇಲೆ ಹನ್ನೆರಡು ನಡೆಗಳಲ್ಲಿ ಕಾಲಾಳೂ ಹೋಯಿತು, ಆಟವೂ ಹೋಯಿತು.

ಇಲ್ಲಿ ನಿಯಮದ ಇನ್ನೊಂದು ಸೂಕ್ಷ್ಮವನ್ನು ಹೇಳಲೇಬೇಕು, ಏಕೆಂದರೆ ನನ್ನ ತಪ್ಪು ಅಡಗಿರುವುದು ಅಲ್ಲಿಯೇ. ಡ್ರಾ ಕೇಳಿದಾಗ ಎದುರಾಳಿ ಬಾಯಿಮಾತಿನಲ್ಲಿ ಬೇಡವೆನ್ನಬಹುದು; ಇಲ್ಲವೇ ನಡೆಸುವ ಉದ್ದೇಶದಿಂದ ಒಂದು ಕಾಯಿಯನ್ನು ಮುಟ್ಟಿದರೂ ಸಾಕು, ಬೇಡವೆಂದಂತೆಯೇ. ಅವಳು ಏನೂ ಮಾತನಾಡಿರಲಿಲ್ಲ. ಆನೆಯನ್ನು ಮುಟ್ಟಿದಳು, ಡ್ರಾ ತಿರಸ್ಕೃತವಾಯಿತು. ಮುಟ್ಟಿದ ಆನೆಯನ್ನೇ ಇ1ಕ್ಕೆ ಇಟ್ಟಳು, ಆಟ ಕೈಬಿಟ್ಟಿತು. ನಿರ್ಧಾರ ಮತ್ತು ತಪ್ಪು ಎರಡೂ ಒಂದೇ ಕೈಚಲನೆಯಲ್ಲಿ ನಡೆದುಹೋದವು. ಹೊರಗಿನಿಂದ ನೋಡಿದ ನನಗೆ ಅವೆರಡೂ ಒಂದೇ ಆಗಿ ಕಂಡವು. ಡ್ರಾ ಬೇಡವೆಂದದ್ದು ಒಂದು, ಆನೆಯನ್ನು ತಪ್ಪಾದ ಮನೆಗೆ ಇಟ್ಟದ್ದು ಇನ್ನೊಂದು ಎಂದು ಬಿಡಿಸಿ ನೋಡಲು ನನಗೆ ರೈಲಿನಲ್ಲಿ ನಲವತ್ತು ನಿಮಿಷ, ಮನೆಯಲ್ಲಿ ಒಂದು ರಾತ್ರಿ ಬೇಕಾಯಿತು. ಅವಳಿಗೆ ಅದು ಬೋರ್ಡಿನ ಮುಂದೆಯೇ ತಿಳಿದಿತ್ತು. ಅವಳು ಅತ್ತಿದ್ದರೆ ಅದು ಇ1ರ ಆನೆಗಾಗಿ. ನಾನು ಸಂತಾಪ ಸೂಚಿಸಿದ್ದು ಬೇರೆ ಯಾವುದಕ್ಕೋ.

ಹತ್ತು ಅಂಕಗಳ ಲೆಕ್ಕ

ನನ್ನ ತಲೆಯಲ್ಲಿದ್ದದ್ದು ಏನೆಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ. ಅವಳ ರೇಟಿಂಗ್ ಆಗ 1480, ಆ ಹುಡುಗನದು ಅದಕ್ಕಿಂತ 200 ಹೆಚ್ಚು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ಲೆಕ್ಕದಲ್ಲಿ ಹದಿನೆಂಟರೊಳಗಿನ, 2300ಕ್ಕಿಂತ ಕಡಿಮೆ ರೇಟಿಂಗ್ ಇರುವ ಆಟಗಾರರಿಗೆ, ಅಂಕಗಳ ಏರಿಳಿತವನ್ನು ನಿರ್ಧರಿಸುವ ಗುಣಾಂಕ 40. ಹಾಗಾಗಿ ಒಂದೊಂದು ಆಟಕ್ಕೂ ಅಂಕಗಳು ದೊಡ್ಡ ಪ್ರಮಾಣದಲ್ಲಿ ಏರಿಳಿಯುತ್ತವೆ. 200 ಅಂಕ ಹೆಚ್ಚಿರುವವರ ಎದುರು ಸೋತರೆ ಹೆಚ್ಚುಕಡಿಮೆ ಹತ್ತು ಅಂಕ ಹೋಗುತ್ತದೆ, ಡ್ರಾ ಆದರೆ ಹತ್ತು ಬರುತ್ತದೆ, ಗೆದ್ದರೆ ಮೂವತ್ತು ಬರುತ್ತದೆ. ಅವಳು ಸೋತೆನೆಂದು ಹೇಳಿದ ಅರೆಗಳಿಗೆಯಲ್ಲಿ ನನ್ನ ಮನಸ್ಸು ಇಪ್ಪತ್ತು ಅಂಕಗಳ ನಷ್ಟವನ್ನು ಲೆಕ್ಕ ಹಾಕಿ ಮುಗಿಸಿತ್ತು. 2024ರ ಮಾರ್ಚ್‌ನಲ್ಲಿ ಫಿಡೆ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿದ ಮೇಲಂತೂ 1400ರ ಅಂಚಿಗೆ ಹತ್ತಿರವಿರುವ ಮಕ್ಕಳ ಮನೆಗಳಲ್ಲಿ ಈ ಲೆಕ್ಕಕ್ಕೆ ಹೊಸ ಭಯವೊಂದು ಸೇರಿಕೊಂಡಿದೆ. ಅದಕ್ಕಿಂತ ಕೆಳಗಿಳಿದರೆ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ.

ಲೆಕ್ಕ ತಪ್ಪೆಂದು ನಾನು ಹೇಳುತ್ತಿಲ್ಲ. ಅಂಕಗಳಿಲ್ಲದೆ ಒಳ್ಳೆಯ ಟೂರ್ನಿಗಳಲ್ಲಿ ಬಲವಾದ ಎದುರಾಳಿಗಳು ಸಿಗುವುದಿಲ್ಲ, ಅಂಥ ಎದುರಾಳಿಗಳಿಲ್ಲದೆ ಆಟ ಬೆಳೆಯುವುದಿಲ್ಲ, ಇದೆಲ್ಲ ನಿಜ. ಆದರೆ ಬೋರ್ಡಿನ ಮುಂದೆ ಕುಳಿತ ಮಗುವಿನ ಮನಸ್ಸಿಗೆ ಈ ಲೆಕ್ಕವನ್ನು ತುಂಬಿದರೆ ಆಗುವುದೇನು? ತನಗಿಂತ ಬಲಶಾಲಿಯ ಎದುರು ಗೆಲ್ಲುವ ಸ್ಥಿತಿ ತಲುಪಿದ ಮಗು, ಆ ಸ್ಥಿತಿ ತಲುಪಿದ ಕಾರಣಕ್ಕೇ ಭಯಪಟ್ಟು, ಕೈಗೆ ಬಂದ ಹತ್ತು ಅಂಕಗಳನ್ನು ಹಿಡಿದುಕೊಂಡು ಎದ್ದುಬರುತ್ತದೆ. ಗೆಲುವಿನ ಅಂತ್ಯಾಟವನ್ನು ಗೆದ್ದು ಮುಗಿಸುವುದನ್ನು ಅದು ಕಲಿಯುವುದಾದರೂ ಯಾವಾಗ? ತರಗತಿಯಲ್ಲಿ ಹೇಳಿಕೊಟ್ಟ ಪಾಠ ಬೇರೆ. ಗಡಿಯಾರದಲ್ಲಿ ಒಂದು ನಡೆಗೆ ಸೇರುವ 30 ಸೆಕೆಂಡಿನಲ್ಲಿ, ಕೈ ನಡುಗುತ್ತಿರುವಾಗ, ಅದನ್ನು ನೆನಪಿಗೆ ತಂದುಕೊಳ್ಳುವುದು ಬೇರೆ. ಎರಡನೆಯದಕ್ಕೆ ಬೋರ್ಡಿನ ಮುಂದೆ ಸೋಲುವುದನ್ನು ಬಿಟ್ಟು ಬೇರೆ ಶಾಲೆ ನನಗೆ ತಿಳಿದಿಲ್ಲ. ದೊಡ್ಡವರ ಆಟದಲ್ಲೂ ಈ ಚಿಂತೆ ಇದ್ದೇ ಇತ್ತು. 2005ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಡೆದ ಟೂರ್ನಿಯಲ್ಲಿ ಆಟಗಾರರು ತಮ್ಮತಮ್ಮಲ್ಲೇ ಡ್ರಾ ಕೇಳಿಕೊಳ್ಳುವುದನ್ನೇ ನಿಷೇಧಿಸಿದ್ದರು.

ಮಾಮಲ್ಲಪುರಂ, ಸಿಂಗಪುರ

ಅದೇ ಮಾತನ್ನು ನಾನು ಹಿಂದೆಯೂ ಒಮ್ಮೆ ಹೇಳಿದ್ದೆ ಎಂಬುದು ಆ ರಾತ್ರಿ ನೆನಪಾಯಿತು. 2022ರ ಆಗಸ್ಟ್ 8ರಂದು, ಚೆನ್ನೈ ಬಳಿಯ ಮಾಮಲ್ಲಪುರಂನಲ್ಲಿ ಚೆಸ್ ಒಲಿಂಪಿಯಾಡ್‌ನ ಹತ್ತನೆಯ ಸುತ್ತು. ಭಾರತದ ಎರಡನೆಯ ತಂಡ, ಅಂದರೆ ಹೆಚ್ಚಿನವರು ಹದಿಹರೆಯದ ಹುಡುಗರೇ ಇದ್ದ ತಂಡ, ಉಜ್ಬೇಕಿಸ್ತಾನದ ಎದುರು ಆಡುತ್ತಿತ್ತು. ಮೊದಲ ಬೋರ್ಡಿನಲ್ಲಿ ಹದಿನಾರು ವರ್ಷದ ಡಿ. ಗುಕೇಶ್, ಅವರ ಎದುರು ಹದಿನೇಳು ವರ್ಷದ ನೊದಿರ್‌ಬೆಕ್ ಅಬ್ದುಸತ್ತೊರೊವ್, ಹಿಂದಿನ ಡಿಸೆಂಬರ್‌ನಲ್ಲಷ್ಟೇ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆಗಿದ್ದವರು. ಗುಕೇಶ್ ಆ ಒಲಿಂಪಿಯಾಡ್‌ನ ಮೊದಲ ಎಂಟೂ ಆಟಗಳನ್ನು ಗೆದ್ದಿದ್ದರು. ನಾನೂ ಪುಟ್ಟಿಯೂ ಲ್ಯಾಪ್‌ಟಾಪ್ ಮುಂದೆ ಕುಳಿತು ನೇರ ಪ್ರಸಾರ ನೋಡುತ್ತಿದ್ದೆವು; ಅವಳಿಗೆ ಆಗ ಹತ್ತು ತುಂಬಿರಲಿಲ್ಲ, ನಡೆಗಳಿಗಿಂತ ಆಟಗಾರರ ಮುಖಗಳನ್ನೇ ಹೆಚ್ಚು ನೋಡುತ್ತಿದ್ದಳು.

ಗುಕೇಶ್ ಅವರ ಕೈ ಮೇಲಾಗಿದ್ದ ಆಟ ಅದು. ಗಂಟೆಗಳು ಕಳೆದಂತೆ ಆ ಮೇಲುಗೈ ಕರಗಿತು. ನಡೆಗಳನ್ನು ಪುನರಾವರ್ತಿಸಿ ಸಮ ಮಾಡಿಕೊಳ್ಳುವ ದಾರಿಯಿದ್ದರೂ ಅವರು ಅದನ್ನು ಹಿಡಿಯದೆ ಗೆಲುವನ್ನೇ ಹುಡುಕಿ ಮುಂದುವರಿದರು. ಗಡಿಯಾರ ತೀರುತ್ತಿದ್ದ ಹೊತ್ತಿನಲ್ಲಿ ಒಂದು ಕುದುರೆಯನ್ನು ಕಳೆದುಕೊಂಡು ಸೋತರು. ತಂಡದ ಇನ್ನೊಬ್ಬ ಆಟಗಾರ ಪ್ರಜ್ಞಾನಂದ ತಮ್ಮ ಆಟ ಗೆದ್ದಿದ್ದರು, ಉಳಿದೆರಡು ಆಟಗಳು ಸಮವಾಗಿದ್ದವು. ಹಾಗಾಗಿ ಪಂದ್ಯ 2-2ಕ್ಕೆ ನಿಂತಿತು. ಮೊದಲ ಬೋರ್ಡಿನಲ್ಲಿ ಅರ್ಧ ಅಂಕ ಸಿಕ್ಕಿದ್ದರೆ ಪಂದ್ಯ ನಮ್ಮದಾಗುತ್ತಿತ್ತು. ಕೊನೆಗೆ ಉಜ್ಬೇಕಿಸ್ತಾನ ಚಿನ್ನ ಗೆದ್ದಿತು, ನಮ್ಮ ಹುಡುಗರಿಗೆ ಕಂಚು ಬಂತು, ಗುಕೇಶ್ ಅವರಿಗೆ ಮೊದಲ ಬೋರ್ಡಿನ ವೈಯಕ್ತಿಕ ಚಿನ್ನ ಸಿಕ್ಕಿತು. ಆ ದಿನ ಪರದೆಯ ಮುಂದೆ ನಾನು ಆಡಿದ ಮಾತು, "ಡ್ರಾ ಮಾಡಿಕೊಂಡಿದ್ದರೆ ಆಗುತ್ತಿತ್ತು" ಎಂಬುದೇ. ಪಕ್ಕದಲ್ಲಿ ಕುಳಿತಿದ್ದವಳು ಅದನ್ನು ಕೇಳಿಸಿಕೊಂಡಿದ್ದಳು.

ಎರಡು ವರ್ಷ ನಾಲ್ಕು ತಿಂಗಳ ನಂತರ, 2024ರ ಡಿಸೆಂಬರ್ 12ರಂದು, ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ ಆಟ. ಸ್ಕೋರ್ 6.5-6.5. ಗುಕೇಶ್ ಕಪ್ಪು ಕಾಯಿಗಳಿಂದ ಆಡುತ್ತಿದ್ದರು. ಎರಡೂ ಕಡೆ ಒಂದೊಂದು ಆನೆ, ಒಂದೊಂದು ಬಿಷಪ್, ಗುಕೇಶ್ ಅವರ ಕಡೆ ಒಂದು ಕಾಲಾಳು ಹೆಚ್ಚು. ಆದರೂ ಸರಿಯಾಗಿ ಆಡಿದರೆ ಸಮವಾಗಬೇಕಾದ ಸ್ಥಿತಿ. ನೋಡುತ್ತಿದ್ದವರೆಲ್ಲ ಮರುದಿನದ ಟೈ-ಬ್ರೇಕ್ ಬಗ್ಗೆ ಮಾತನಾಡತೊಡಗಿದ್ದರು. ಗುಕೇಶ್ ಮಾತ್ರ ಎದ್ದೇಳಲು ಒಪ್ಪದೆ ಆಡುತ್ತಲೇ ಹೋದರು. ಐವತ್ತೈದನೆಯ ನಡೆಯಲ್ಲಿ ಎದುರಾಳಿ, ಅದುವರೆಗಿನ ಚಾಂಪಿಯನ್ ಡಿಂಗ್ ಲಿರೆನ್, ಆನೆಯನ್ನು ಎಫ್2ಕ್ಕೆ ಇಟ್ಟರು. ಆನೆಗಳು ವಿನಿಮಯವಾದವು, ಬಿಷಪ್‌ಗಳ ವಿನಿಮಯವನ್ನೂ ತಪ್ಪಿಸಲಾಗಲಿಲ್ಲ, ಉಳಿದ ಕಾಲಾಳಿನ ಅಂತ್ಯಾಟದಲ್ಲಿ ಗೆಲುವಿತ್ತು. 1985ರಲ್ಲಿ 22ನೆಯ ವಯಸ್ಸಿಗೆ ಪಟ್ಟವೇರಿದ್ದ ಕ್ಯಾಸ್ಪರೋವ್ ಅವರ ದಾಖಲೆಯನ್ನು ಹದಿನೆಂಟು ವರ್ಷದ ಯುವಕ ಮುರಿದರು. ಆ ರಾತ್ರಿ ನಾನು ಸ್ನೇಹಿತರಿಗೆಲ್ಲ ಫೋನ್ ಮಾಡಿ ಅವರ ಛಲವನ್ನು ಹೊಗಳಿದ್ದೇ ಹೊಗಳಿದ್ದು.

ಎರಡೂ ಆಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಂಡದ್ದು ಒಬ್ಬನೇ ಆಟಗಾರ, ಒಂದೇ ಸ್ವಭಾವ: ಬೋರ್ಡಿನ ಮೇಲೆ ಇನ್ನೂ ಕೇಳಬಹುದಾದ ಪ್ರಶ್ನೆ ಉಳಿದಿದ್ದರೆ ಕೇಳದೆ ಏಳಲಾರೆ ಎನ್ನುವ ಸ್ವಭಾವ. ಮಾಮಲ್ಲಪುರಂನಲ್ಲಿ ಅದನ್ನು ಅತಿಯಾಸೆ ಎಂದೆ, ಸಿಂಗಪುರದಲ್ಲಿ ಛಲ ಎಂದೆ. ಬದಲಾದದ್ದು ಕೊನೆಯ ನಡೆಯ ನಂತರ ಬರೆದ ಅಂಕವೇ ಹೊರತು ಆ ಹುಡುಗನಲ್ಲ. ಈ ಎರಡರ ನಡುವೆ, 2024ರ ಏಪ್ರಿಲ್‌ನಲ್ಲಿ ಟೊರಾಂಟೊದಲ್ಲಿ, ವಿಶ್ವ ಚಾಂಪಿಯನ್ನರಿಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್‌ನ ಏಳನೆಯ ಸುತ್ತಿನಲ್ಲಿ ಅಲಿರೆಜಾ ಫಿರೂಜಾ ಎದುರು ಸಮಯದ ಒತ್ತಡದಲ್ಲಿ ಸೋತದ್ದೂ ಇದೆ. ಅದಾದ ಮೇಲೆ ಅವರು ಒಂದು ಆಟವನ್ನೂ ಸೋಲದೆ, 14ರಲ್ಲಿ 9 ಅಂಕಗಳೊಂದಿಗೆ ಆ ಟೂರ್ನಿಯನ್ನು ಗೆದ್ದರು. ಅಂಥ ಸೋಲುಗಳ ಸಂಜೆಗಳಲ್ಲಿ ಅವರ ಪಕ್ಕದಲ್ಲಿದ್ದವರು ಅವರಿಗೆ ಏನು ಕೇಳಿರಬಹುದು, ಮುಖ್ಯವಾಗಿ ಏನನ್ನು ಕೇಳದೆ ಬಿಟ್ಟಿರಬಹುದು ಎಂದು ನಾನು ಈಗ ಯೋಚಿಸುತ್ತೇನೆ.

ಯಂತ್ರದ ಸಾಕ್ಷಿ

ರೈಲಿನಿಂದ ಇಳಿದು ಮನೆಗೆ ಬಂದ ರಾತ್ರಿ, ಅವಳು ಮಲಗಿದ ಮೇಲೆ, ಆ ಸ್ಥಿತಿಯನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಬಿಳಿಗೆ ಗೆಲುವು ಎಂದು ಅದು ತಕ್ಷಣ ತೋರಿಸಿತು. ನನಗೆ ಒಂದು ಕ್ಷಣ ಸಮಾಧಾನವಾಯಿತು. ಅವಳು ಸರಿಯಾಗಿಯೇ ನಿರ್ಧರಿಸಿದ್ದಳು, ಬೆಳಿಗ್ಗೆ ಹೇಳಬೇಕು ಎಂದುಕೊಂಡೆ. ಆ ಸಮಾಧಾನವೇ ಆಮೇಲೆ ಚುಚ್ಚತೊಡಗಿತು. ಯಂತ್ರ ಸಮ ಎಂದು ತೋರಿಸಿದ್ದರೆ ನಾನು ಏನು ಮಾಡುತ್ತಿದ್ದೆ? ನನ್ನ ಪ್ರಶ್ನೆ ಸರಿಯಾಗಿತ್ತೆಂದು ನೆಮ್ಮದಿಯಿಂದ ಮಲಗುತ್ತಿದ್ದೆನೇ? ಅವಳ ಎದುರು ಕಂಪ್ಯೂಟರ್ ಇರಲಿಲ್ಲ. ಇದ್ದದ್ದು ತನಗಿಂತ ಬಲವಾದ ಒಬ್ಬ ಹುಡುಗ, ಅವನು ಕಾವಲು ಬಿಡಿಸಿದ ಒಂದು ಆನೆ, ಒಂದು ನಿಮಿಷಕ್ಕಿಂತ ಕಡಿಮೆ ಸಮಯ. ಅಷ್ಟರಿಂದಲೇ ಅವಳು ಒಂದು ಕಾರಣವನ್ನು ಕಂಡುಕೊಂಡು ನಿರ್ಧರಿಸಿದಳು. ಆ ಕಾರಣ ಏನೆಂದು ನಾನು ಕೇಳಬಹುದಿತ್ತು. ನನ್ನ ಬಾಯಿಂದ ಬಂದ "ಯಾಕೆ" ಕಾರಣವನ್ನು ಕೇಳುವ "ಯಾಕೆ" ಆಗಿರಲಿಲ್ಲ. ಪದ ಒಂದೇ ಆದರೂ ಮಕ್ಕಳಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಮರುದಿನ ಬೆಳಿಗ್ಗೆ ಆರನೆಯ ಸುತ್ತಿಗೆ ಹೋಗುವ ಮೊದಲು ಅಕ್ಕನಿಗೆ ಫೋನ್ ಮಾಡಿ, ಪುಟ್ಟಿಗೆ ಕೇಳುವಂತೆಯೇ, ನಿನ್ನೆ ನಾನು ಹೇಳಿದ್ದು ತಪ್ಪು, ಅವಳು ಡ್ರಾ ಬೇಡವೆಂದದ್ದು ಸರಿಯಾಗಿಯೇ ಇತ್ತು ಎಂದು ಹೇಳಿದೆ. ಅಕ್ಕನಿಗೆ ಚೆಸ್ ಬರುವುದಿಲ್ಲ. "ಆಯ್ತು ಬಿಡೋ, ಅವಳು ತಿಂಡಿ ತಿಂದಳಾ?" ಎಂದು ಕೇಳಿದಳು. ಪುಟ್ಟಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ.

ಕಳೆದ ತಿಂಗಳು ಅವಳು ರಜೆಗೆ ನಮ್ಮ ಮನೆಗೆ ಬಂದಿದ್ದಾಗ ಹಳೆಯ ಫೈಲಿನಲ್ಲಿ ಆ ಹಳದಿ ಹಾಳೆ ಸಿಕ್ಕಿತು. ಕಾರ್ಬನ್ನಿನ ಅಕ್ಷರಗಳು ಮಸುಕಾಗಿದ್ದವು, ಸಮ ಚಿಹ್ನೆ ಮಾತ್ರ ಇನ್ನೂ ಕಾಣುತ್ತಿತ್ತು. ಆನೆಯನ್ನು ಎಲ್ಲಿಗೆ ಇಡಬೇಕಿತ್ತು ಎಂದು ಕೇಳಿದೆ. ಅವಳು ಬೋರ್ಡ್ ತಂದು ಐದು ಕಾಯಿಗಳನ್ನು ಜೋಡಿಸಿದಳು. "ರೂಕ್ ಅಲ್ಲ ಮಾಮ, ಮೊದಲು ಕಿಂಗ್ ಹೋಗಬೇಕಿತ್ತು" ಎಂದು ರಾಜನನ್ನು ಎಫ್6ಕ್ಕೆ ಇಟ್ಟಳು. "ನೀವು ಬ್ಲ್ಯಾಕ್ ಆಡಿ." ನಾನು ಆನೆಯನ್ನು ಎ6ಕ್ಕೆ ತಂದು ಚೆಕ್ ಕೊಟ್ಟೆ, ಅವಳ ರಾಜ ಜಿ7ಕ್ಕೆ ಹೋದ. ನನ್ನ ರಾಜನನ್ನು ಇ7ಕ್ಕೆ ಸರಿಸಿದೆ. ಆಗ ಅವಳು ಎಚ್1ರ ಆನೆಯನ್ನು ಬೆರಳ ತುದಿಯಿಂದ ತಳ್ಳಿ ಇ1ಕ್ಕೆ ತಂದು, "ಚೆಕ್" ಎಂದಳು.